ಬೀದರ್ ಆಕಾಶದಾಗ ಹಾಕ್ ಯಾವ್ದು, ಕಿರಣ್ ಯಾವ್ದು? ಗುರುತು ಹಿಡಿಯೂದು ಹ್ಯಾಂಗ?

ಭಾಲ್ಕಿ_ಮಾಳಗಿ:
ಎಲ್ಲರಿಗೂ ನಮಸ್ಕಾರ್ರಿ. ಭಾಲ್ಕಿ, ಬೀದರ್ ನಡುವ ಇರೋ ಊರು ನಮ್ದು. ಜೆಟ್ ಸದ್ದು ಕೇಳಿ ಮಾಳಗಿ ಹತ್ತಿ ನೋಡಿದ್ರ ಆ ಕಡೆ ಏನೂ ಇರಂಗಿಲ್ಲ. ಕಂಡ್ರೂ ಅದು ಹಾಕೋ, ಕಿರಣೋ (ಎರಡೂ ವಾಯುಪಡೆ ತರಬೇತಿ ಜೆಟ್), ಬ್ಯಾರೆ ಏನೋ ತಿಳಿಯಂಗಿಲ್ಲ. ಕೇಳೋದು ನಾಲ್ಕು ಅದಾವ: ದೂರದಿಂದ ಇವೆರಡನ್ನ ಬ್ಯಾರೆ ಮಾಡೂದು ಹ್ಯಾಂಗ? ವಾಯುಪಡೆ ಕಂಪೌಂಡ್ ಹತ್ರ ನಿಂತು ಫೋಟೊ ತೆಗೀಬಹುದಾ? ಬೆಂಗಳೂರಿನ ಮುಂದಿನ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕ 70-300 ಲೆನ್ಸ್ ಸಾಕಾಗ್ತದ? ಮ್ಯೂಸಿಯಂನಾಗಿನ ವಿಮಾನದ ಮ್ಯಾಲ ಬರೆದ ಅಕ್ಷರ, ಅಂಕಿ ಏನು ಹೇಳ್ತಾವ? ತಿಳಿದವರು ಬಿಡಿಸಿ ಹೇಳ್ರಿ.

ಬಿದರಿ_ನೋಟ:
ಮೊದಲು ಸದ್ದಿನ ವಿಷಯ ಹೇಳಿಬಿಡುತ್ತೇನೆ, ಅರ್ಧ ತೊಂದರೆ ಅಲ್ಲೇ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 3 ಕಿ.ಮೀ. ದೂರದ ಜೆಟ್‌ನ ಸದ್ದು ನಿಮ್ಮ ಕಿವಿ ಮುಟ್ಟಲು 9 ಸೆಕೆಂಡ್ ಬೇಕು. ವಿಮಾನ ಗಂಟೆಗೆ 550 ಕಿ.ಮೀ. ವೇಗದಲ್ಲಿದ್ದರೆ ಅಷ್ಟರಲ್ಲಿ 1.3 ಕಿ.ಮೀ.ಗೂ ಹೆಚ್ಚು ಮುಂದೆ ಹೋಗಿರುತ್ತದೆ. ನೀವು ನೋಡುತ್ತಿರುವುದು ಅದು ಖಾಲಿ ಮಾಡಿದ ಜಾಗ. ಸದ್ದು ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತಿದೆ ಎಂದು ಎರಡು ಕ್ಷಣ ಕೇಳಿ. ಆಮೇಲೆ ಕೈ ನೀಳವಾಗಿ ಚಾಚಿ, ಸದ್ದು ಬರುವ ಜಾಗದಿಂದ ಒಂದು ಗೇಣು ಮುಂದೆ ಹುಡುಕಿ. ಅಡ್ಡ ಹಾಯುವ ಜೆಟ್ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ನೇರ ನಿಮ್ಮ ಕಡೆಗೇ ಬರುತ್ತಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನು ಗುರುತು. ರೆಕ್ಕೆ, ಎಂಜಿನ್, ಒಡಲು, ಬಾಲ, ಇದೇ ಕ್ರಮದಲ್ಲಿ ನೋಡಿ. ಬಣ್ಣ ಕಟ್ಟಕಡೆಗೆ. ಎದುರು ಬಿಸಿಲಿನಲ್ಲಿ ಎಲ್ಲ ವಿಮಾನವೂ ಕಪ್ಪೇ.

ಹಾಕ್: ರೆಕ್ಕೆ ಒಡಲಿನ ತಳಕ್ಕೆ ಸೇರಿಕೊಂಡಿದೆ, ಮುಂಅಂಚು ಹಿಂದಕ್ಕೆ ಓರೆ. ಗಾಳಿ ಒಳಗೆಳೆಯುವ ಬಾಯಿಗಳು ರೆಕ್ಕೆಗಿಂತ ಸ್ವಲ್ಪ ಮುಂದೆ, ಒಡಲಿನ ಎರಡೂ ಪಕ್ಕದಲ್ಲಿವೆ. ಎಂಜಿನ್ ಒಂದೇ, ಅಡೂರ್. ಪೈಲಟ್‌ಗಳು ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ. ಹಿಂದಿನ ಸೀಟು ಎತ್ತರದಲ್ಲಿರುವುದರಿಂದ ಪಕ್ಕದಿಂದ ನೋಡಿದರೆ ಗಾಜಿನ ಮೇಲ್ಭಾಗ ಮೆಟ್ಟಿಲಿನಂತೆ ಏರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಗುರುತು ಬಾಲ. ಹಿಂದಿನ ಅಡ್ಡರೆಕ್ಕೆಯ ಎರಡೂ ತುದಿ ಕೆಳಕ್ಕೆ ಇಳಿಬಿದ್ದಿರುತ್ತವೆ, ದೊಡ್ಡ ರೆಕ್ಕೆ ಮಾತ್ರ ತುಸು ಮೇಲಕ್ಕೆ. ವಿಮಾನ ನೇರ ಎದುರು ಬಂದಾಗ ಅಥವಾ ಬೆನ್ನು ತೋರಿಸಿ ಹೋಗುವಾಗ ಇದು ಎದ್ದು ಕಾಣುತ್ತದೆ. ಹತ್ತಿರವಿದ್ದರೆ ಬಾಲದ ಕೆಳಗೆ ಎರಡು ಗಿಡ್ಡ ರೆಕ್ಕೆಚೂರುಗಳೂ ಕಾಣುತ್ತವೆ.

ಕಿರಣ್: ರೆಕ್ಕೆ ಒಡಲಿಗೆ ಅಡ್ಡಡ್ಡ, ಕೆಳಗಿನಿಂದ ನೋಡಿದರೆ ಕೂಡಿಸುವ ಚಿಹ್ನೆಯ ಹಾಗೆ. ಇಬ್ಬರು ಪಕ್ಕಪಕ್ಕ ಕೂರುವುದರಿಂದ ತಲೆಭಾಗ ಅಗಲ. ಹಿಂದಕ್ಕೆ ಹೋದಂತೆ ಸಣ್ಣಗಾಗಿ ಒಟ್ಟಿನಲ್ಲಿ ಗೊದಮೊಟ್ಟೆಯ ಆಕಾರ. 1964ರಲ್ಲಿ ಮೊದಲು ಹಾರಿದ, ನಮ್ಮ ಎಚ್‌ಎಎಲ್‌ನಲ್ಲೇ ಹುಟ್ಟಿದ ವಿಮಾನ ಇದು.

ಬಣ್ಣ ನಂಬಿದರೆ ಮೋಸ ಹೋಗುತ್ತೀರಿ ಎನ್ನಲು ಬೀದರ್‌ನಲ್ಲೇ ಉದಾಹರಣೆ ಇದೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಇಲ್ಲೇ ಹುಟ್ಟಿದ್ದು, ಆಗ ಹಾರಿಸುತ್ತಿದ್ದುದು ಕಿರಣ್ ಮಾರ್ಕ್ 2. ತರಬೇತಿಗೆ ವಿಮಾನ ಸಾಲದೆ 2011ರಲ್ಲಿ ತಂಡ ನಿಂತಿತು. ಮತ್ತೆ ಎದ್ದದ್ದು ಹಾಕ್ ಮೇಲೆ. ಎರಡು ಕಾಲದಲ್ಲೂ ಕೆಂಪು-ಬಿಳಿ ಬಣ್ಣವೇ. ಹಳೆಯ ಫೋಟೊ ಹಾಕಿ 'ಸೂರ್ಯಕಿರಣ್ ಹಾಕ್' ಎಂದು ಬರೆಯುವವರು ಬಹಳ. ರೆಕ್ಕೆ ಓರೆಯೋ ನೇರವೋ ನೋಡಿದರೆ ಮುಗಿಯಿತು. ಹಾಕ್ ಬೀದರ್‌ನಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ, ಅದಕ್ಕಿಂತ ಹಳೆಯ ಬೀದರ್ ಫೋಟೊ ಆದರೆ ಅದು ಹಾಕ್ ಅಲ್ಲ, ಅನುಮಾನವೇ ಬೇಡ.

ಮೂತಿಯಲ್ಲಿ ಪಂಕ ತಿರುಗುವ, ಕೆಳರೆಕ್ಕೆಯ, ಹಿಂದೆ-ಮುಂದೆ ಸೀಟಿನ ತರಬೇತಿ ವಿಮಾನ ಕಂಡರೆ ಪಿಲಾಟಸ್ ಪಿಸಿ-7 ಇರಬಹುದೇ ನೋಡಿ. ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿಯಲ್ಲಿ 2013ರಿಂದ ಇವೆ. ಕಲಬುರಗಿ ಕಡೆಯವರು ಇನ್ನೊಂದು ಗಮನಿಸಿ: ಅಲ್ಲಿ ನಿಧಾನ ಸುತ್ತುವ ಒಂದೇ ಪಂಕದ ಸಣ್ಣ ವಿಮಾನಗಳು ನಾಗರಿಕ ಪೈಲಟ್ ತರಬೇತಿ ಶಾಲೆಗಳವು, ವಾಯುಪಡೆಯವಲ್ಲ.

ಸುರಪುರ_ಗಡಿ:
ಫೋಟೊ ಬಗ್ಗೆ ನಾ ಹೇಳ್ತೀನ್ರಿ, ಇದು ಹಗುರ ಮಾತಲ್ಲ. ಕಂಪೌಂಡ್ ಹತ್ರ ಕ್ಯಾಮೆರಾ ಹೊರಗ ತೆಗೀಲೇಬ್ಯಾಡ್ರಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಪ್ರಕಾರ ವಾಯುಪಡೆ ನೆಲೆ ಅಂದ್ರ ನಿಷೇಧಿತ ಸ್ಥಳ. ಗೇಟು, ರೇಡಾರು, ರನ್‌ವೇ, ಹ್ಯಾಂಗರ್ ಯಾವುದೂ ಚಿತ್ರದಾಗ ಬರಬಾರದು. 'ನಾ ವಿಮಾನ ಅಷ್ಟೇ ತೆಗೆದೀನಿ' ಅಂದ್ರ ಕೇಳಂಗಿಲ್ಲ, ಹಿಂದ ಕಂಪೌಂಡ್ ಕಂಡಿರ್ತದ. ಬೈನಾಕ್ಯುಲರ್ ಹಿಡಕೊಂಡು ಗೋಡಿ ಹತ್ರ ನಿಂತ್ರೂ ವಿಚಾರಣೆ ಆಗ್ತದ, ಆಗಬೇಕಾದ್ದೇ. ಡ್ರೋನ್ ಮಾತು ಎತ್ತಲೇಬ್ಯಾಡ್ರಿ, ಒಂದು ಹಾಕ್‌ನ ಎಂಜಿನ್‌ನಾಗ ಹೋದ್ರ ಒಳಗಿನ ಇಬ್ಬರ ಜೀವದ ಪ್ರಶ್ನೆ ಅದ.

ಬೀದರ್‌ದಾಗ ನಾಗರಿಕ ವಿಮಾನ ಹತ್ತೂವಾಗ, ಇಳಿಯೂವಾಗೂ ಇದೇ ನಿಯಮ. ಟರ್ಮಿನಲ್ ನಾಗರಿಕರದು, ರನ್‌ವೇ ವಾಯುಪಡೆದು. ಕಿಟಕಿಯಿಂದ ಮೊಬೈಲ್ ಹಿಡೀಬ್ಯಾಡ್ರಿ, ಸಿಬ್ಬಂದಿ ಏನು ಹೇಳ್ತಾರೋ ಅದರಂಗ ನಡೀರಿ.

ಇನ್ನೊಂದು ಕೈ ಮುಗಿದು ಕೇಳ್ತೀನಿ. ಇವತ್ತು ಇಷ್ಟು ಗಂಟೆಕ್ಕ ಇಷ್ಟು ವಿಮಾನ ಎದ್ದವು, ಈ ದಿಕ್ಕಿಗೆ ಹೋದವು ಅಂತ ಇಲ್ಲಾಗಲಿ, ವಾಟ್ಸಾಪ್‌ನಾಗಾಗಲಿ ಬರೀಬ್ಯಾಡ್ರಿ. ಮಾಳಗಿ ಮ್ಯಾಲ ನಿಂತು ಕಣ್ಣಿಲೆ ನೋಡ್ರಿ, ಆಕಾರ ಕಲೀರಿ. ಕ್ಯಾಮೆರಾ ಏರೋ ಇಂಡಿಯಾ ನಡೆಯೋ ಯಲಹಂಕಕ್ಕ ಎತ್ತಿಡ್ರಿ.

ಯಾದಗಿರಿ_ಶಟರ್:
ಏರೋ ಇಂಡಿಯಾ ಬೆಸ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತ ಬಂದಿದೆ. 2025ರಲ್ಲಿ 10ರಿಂದ 14ರವರೆಗೆ ಇತ್ತು, ಸಾರ್ವಜನಿಕರಿಗೆ ಕೊನೆಯ ಎರಡು ದಿನ. ಹಾರಾಟ ಮಾತ್ರ ನೋಡುವುದಾದರೆ ವೀಕ್ಷಣಾ ಪ್ರದೇಶದ ಟಿಕೆಟ್ ಸಾಕು. ಎಲ್ಲರೂ 'ಅಡ್ವಾ' ಅನ್ನುವುದು ಅದನ್ನೇ. ನಿಂತ ವಿಮಾನಗಳನ್ನು ಹತ್ತಿರದಿಂದ ನೋಡಬೇಕಿದ್ದರೆ ಪ್ರದರ್ಶನದ ಟಿಕೆಟ್ಟೇ ಬೇಕು, ಎರಡನ್ನೂ ಒಂದೇ ಅಂದುಕೊಂಡು ಬಂದವರು ಗೇಟಿನಲ್ಲಿ ಪೇಚಾಡುತ್ತಾರೆ. ನಮ್ಮ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಯಾದಗಿರಿ ದಾಟಿ ಬೆಂಗಳೂರಿಗೆ ಹೋಗುತ್ತದೆ. ಹಾರಾಟದ ದಿನ ಬೆಳಿಗ್ಗೆ ಇಳಿದು ಓಡುವುದಕ್ಕಿಂತ ಹಿಂದಿನ ದಿನವೇ ಮುಟ್ಟಿಕೊಳ್ಳಿ, ಬಳ್ಳಾರಿ ರಸ್ತೆ ಆ ವಾರ ತುಂಬಿ ನಿಂತಿರುತ್ತದೆ.

70-300 ಧಾರಾಳವಾಗಿ ಸಾಕು. ಸಣ್ಣ ಸೆನ್ಸರ್ ಕ್ಯಾಮೆರಾದಲ್ಲಿ ಅದು 450ರಷ್ಟು ಹತ್ತಿರ ತೋರಿಸುತ್ತದೆ. ಜನ ತಪ್ಪುವುದು ಲೆನ್ಸ್‌ನಲ್ಲಲ್ಲ, ಶಟರ್‌ನಲ್ಲಿ. ಜೆಟ್‌ಗೆ 1/1000ರಿಂದ 1/2000. ಅದೇ ವೇಗದಲ್ಲಿ ಹೆಲಿಕಾಪ್ಟರ್ ಹಿಡಿದರೆ ರೋಟರ್ ಗಕ್ಕನೆ ನಿಂತಂತೆ ಬಂದು, ವಿಮಾನ ದಾರಕ್ಕೆ ನೇತುಹಾಕಿದ ಆಟಿಕೆ ಅನಿಸುತ್ತದೆ. ನಿಮಿಷಕ್ಕೆ 300 ಸುತ್ತಿನ ಆಸುಪಾಸು ತಿರುಗುವ ರೋಟರ್ 1/125 ಸೆಕೆಂಡಿನಲ್ಲಿ 14-15 ಡಿಗ್ರಿ ತಿರುಗುತ್ತದೆ. ಚಿತ್ರಕ್ಕೆ ಜೀವ ಬರುವುದು ಆ ಮಸುಕಿನಿಂದ. ವಾಯುಪಡೆಯ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ಬಂದಾಗ 1/125ಕ್ಕೆ ಇಳಿಸಿ, ಮೂತಿಯ ಪಂಕದ ವಿಮಾನಕ್ಕೆ 1/250. ಇಷ್ಟು ನಿಧಾನದಲ್ಲಿ ಕೈ ಅಲುಗದೆ ಹಿಂಬಾಲಿಸಬೇಕು: ಪಾದ ಊರಿ, ಸೊಂಟದಿಂದ ತಿರುಗಿ, ಬಟನ್ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಟ್ರೈಪಾಡ್ ಹೊರೆಯಷ್ಟೇ.

ಬೆಳಕಿನ ಆಕಾಶ ನೋಡಿ ಕ್ಯಾಮೆರಾ ಚಿತ್ರವನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ +0.7ರಿಂದ +1 ಇಡಿ, ಆದರೆ ಮೋಡದ ಬಿಳಿ ಸುಟ್ಟುಹೋಗುತ್ತಿದೆಯೇ ನೋಡುತ್ತಿರಿ. ಫೋಕಸ್ ನಿರಂತರ ಮೋಡ್‌ನಲ್ಲಿ, ನಡುವಿನ ಪಾಯಿಂಟ್‌ಗಳ ಗುಂಪಿನಲ್ಲಿರಲಿ. ಬರೀ ನೀಲಿ ಆಕಾಶಕ್ಕೆ ಹಿಡಿದರೆ ಲೆನ್ಸ್ ಹಿಂದೆ ಮುಂದೆ ಓಡಿ ಕಳೆದುಹೋಗುತ್ತದೆ. ದೂರದ ಮರಕ್ಕೋ ಕಂಬಕ್ಕೋ ಒಮ್ಮೆ ಫೋಕಸ್ ಮಾಡಿಟ್ಟುಕೊಂಡು ಆಮೇಲೆ ಎತ್ತಿ.

ಹನ್ನೊಂದು ಗಂಟೆ ದಾಟಿದ ಮೇಲೆ ರನ್‌ವೇ ಕಾದು ಗಾಳಿ ನೀರಿನಂತೆ ಕುಣಿಯುತ್ತದೆ. ಆಗ ನೆಲಕ್ಕೆ ಹತ್ತಿರದ ಟೇಕಾಫ್ ಚಿತ್ರ ಎಷ್ಟು ದುಬಾರಿ ಲೆನ್ಸ್‌ನಲ್ಲೂ ಮೆತ್ತಗೇ ಬರುತ್ತದೆ. ಟೇಕಾಫ್ ಬೆಳಗಿನ ಹಾರಾಟದಲ್ಲಿ ತೆಗೆಯಿರಿ, ಮಧ್ಯಾಹ್ನ ಎತ್ತರದ ಹಾರಾಟ ಮಾತ್ರ. ಸೂರ್ಯಕಿರಣ್‌ನ ಒಂಬತ್ತೂ ವಿಮಾನ ಒಟ್ಟಿಗಿದ್ದಾಗ 300ರಲ್ಲಿ ತುದಿಯವು ಕತ್ತರಿಸಿ ಹೋಗುತ್ತವೆ, 70-135 ಸಾಕು. ಎರಡು ವಿಮಾನ ಎದುರುಬದುರು ಹಾಯುವಾಗ ಪೂರ್ತಿ 300. ಅವು ಸೇರುವ ಮೊದಲೇ ಬಟನ್ ಒತ್ತಿ ಹಿಡಿಯಬೇಕು, ಕಂಡ ಮೇಲೆ ಒತ್ತಿದರೆ ತಡ.

ಬಿದರಿ_ನೋಟ:
ಯಲಹಂಕದಲ್ಲಿ ಗೊಂದಲ ಮಾಡುವುದು ತ್ರಿಕೋನ ರೆಕ್ಕೆಯವು. ಮೂತಿಯ ಹಿಂದೆ, ದೊಡ್ಡ ರೆಕ್ಕೆಗೆ ಮುಂಚೆ ಪುಟ್ಟ ರೆಕ್ಕೆ ಇದ್ದು, ಮೂತಿಯ ಮೇಲೆ ಇಂಧನ ತುಂಬುವ ಕೊಳವೆ ಸದಾ ಚಾಚಿಕೊಂಡಿದ್ದರೆ ರಫೇಲ್. ಪುಟ್ಟ ರೆಕ್ಕೆ ಇಲ್ಲ ಎಂದರೆ ತೇಜಸ್ ಅಥವಾ ಮಿರಾಜ್ 2000. ತೇಜಸ್ ಚಿಕ್ಕದು, ರೆಕ್ಕೆಯ ಮುಂಅಂಚು ನಡುವೆ ಮುರಿದಂತಿದೆ: ಒಡಲ ಬಳಿ ಓರೆ ಕಡಿಮೆ, ಹೊರಕ್ಕೆ ಹೋದಂತೆ ಹೆಚ್ಚು. ಮಿರಾಜ್‌ನ ಅಂಚು ಒಂದೇ ಗೆರೆ, ಗಾಳಿಬಾಯಿಯೊಳಗೆ ಅರ್ಧ ಶಂಕು ಕೂತಿರುತ್ತದೆ. ಎರಡು ನಿಂತ ಬಾಲ ಇದ್ದು ಮುಂದೆ ಪುಟ್ಟ ರೆಕ್ಕೆಯೂ ಇದ್ದರೆ ಸುಖೋಯ್-30 ಎಂಕೆಐ, ಪುಟ್ಟ ರೆಕ್ಕೆ ಇಲ್ಲದಿದ್ದರೆ ಮಿಗ್-29.

ಅಕ್ಷರ, ಅಂಕಿಗಳ ವಿಷಯ. ವಾಯುಪಡೆಯಲ್ಲಿ ಅಕ್ಷರವೇ ಮಾದರಿ ಹೇಳುತ್ತದೆ. ಹಾಕ್‌ಗೆ 'ಎ', ಕಿರಣ್‌ಗೆ 'ಯು', ಮಿಗ್-21ಕ್ಕೆ 'ಸಿ', ಸುಖೋಯ್‌ಗೆ 'ಎಸ್‌ಬಿ', ತೇಜಸ್‌ಗೆ 'ಎಲ್‌ಎ'. ಜಾಗ್ವಾರ್‌ನಲ್ಲಿ ಒಂದು ಸೀಟಿನದು 'ಜೆಎಸ್', ಎರಡು ಸೀಟಿನದು 'ಜೆಟಿ', ಸಮುದ್ರದ ಕೆಲಸದ್ದು 'ಜೆಎಂ'. ಮಿರಾಜ್‌ನಲ್ಲಿ 'ಕೆಎಫ್' ಒಂದು ಸೀಟು, 'ಕೆಟಿ' ಎರಡು.

ಆದರೆ ಮ್ಯೂಸಿಯಂನಲ್ಲಿ, ಸರ್ಕಲ್‌ನಲ್ಲಿ ಕಂಬದ ಮೇಲೆ ನಿಲ್ಲಿಸಿದ ವಿಮಾನಗಳಲ್ಲಿ ಬರೆದ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಮತ್ತೆ ಬಣ್ಣ ಬಳಿಯುವಾಗ ಅಂಕಿ ಅಳಿಯುತ್ತದೆ, ಬೇರೆ ವಿಮಾನದ ಬಾಲ ಜೋಡಿಸಿರುವುದೂ ಉಂಟು. ಚಕ್ರದ ಗೂಡಿನಲ್ಲೋ ಕಾಕ್‌ಪಿಟ್ ಅಂಚಿನಲ್ಲೋ ರಿವೆಟ್ ಹೊಡೆದ ಸಣ್ಣ ತಗಡು ಇರುತ್ತದೆ, ಅದರಲ್ಲಿ ಕೊರೆದ ಸಂಖ್ಯೆಯೇ ಅಸಲಿ. ಬಗ್ಗಿ ನೋಡಿ, ಹತ್ತಬೇಡಿ. ಮಿಗ್-21 ಆದರೆ ಬೆನ್ನು ನೋಡಿ. ಅದರ ಹಳೆಯ ಎಫ್‌ಎಲ್ ಮಾದರಿಗೆ ಬೆನ್ನುದಿಂಡು ಸಪೂರ, 'ಬಿಸ್' ಮಾದರಿಗೆ ದಪ್ಪ. ಮುಂಗಾಜಿಗೆ ನಡುವೆ ಚೌಕಟ್ಟು ಇಲ್ಲದಿದ್ದರೆ ಬಿಸ್ ಅನ್ನು ನವೀಕರಿಸಿದ ಬೈಸನ್. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದದ್ದು ಇದೇ.

ಯಲಹಂಕಕ್ಕೆ ಹೋದವರು ಬೆಂಗಳೂರಿನ ಎಚ್‌ಎಎಲ್ ಪರಂಪರಾ ಕೇಂದ್ರಕ್ಕೆ ಅರ್ಧ ದಿನ ಕೊಡಿ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡು 1961ರಲ್ಲಿ ಹಾರಿದ ಮಾರುತ್ ಯುದ್ಧವಿಮಾನ ಅಲ್ಲಿದೆ. ಪಕ್ಕದಲ್ಲಿ ನಿಂತು ಒಡಲಿನ ನಡು ನೋಡಿ, ರೆಕ್ಕೆ ಸೇರುವಲ್ಲಿ ಸೊಂಟದಂತೆ ಕಿರಿದಾಗಿದೆ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ತಗ್ಗಿಸಲು ಮಾಡಿದ್ದು ಅದು. ಕಿರಣ್ ಕೂಡ ಅಲ್ಲೇ ಇದೆ. ಆ ಅಗಲ ತಲೆಯನ್ನು ಹತ್ತಡಿ ದೂರದಿಂದ ಒಮ್ಮೆ ನೋಡಿದರೆ ಭಾಲ್ಕಿಯ ಮಾಳಿಗೆಯಿಂದ ತಪ್ಪುವುದಿಲ್ಲ.

ಭಾಲ್ಕಿ_ಮಾಳಗಿ:
ಭಾಳ ಉಪಕಾರ ಆಯ್ತ್ರಿ. ನಿನ್ನಿ ಬಾಲ ಇಳಿಬಿದ್ದದ್ದು ಕಾಣಿಸ್ತು, ಹಾಕೇ. ಬೈನಾಕ್ಯುಲರ್ 8×42 ತಗೋಬೇಕೋ, 10×50 ತಗೋಬೇಕೋ?

ಬಿದರಿ_ನೋಟ:
8×42. 3 ಕಿ.ಮೀ. ದೂರದಲ್ಲಿ 12 ಮೀಟರ್ ಆಸುಪಾಸಿನ ಹಾಕ್ ಹುಣ್ಣಿಮೆ ಚಂದ್ರನ ಅರ್ಧದಷ್ಟೂ ಅಗಲ ಕಾಣುವುದಿಲ್ಲ, ಎಂಟು ಪಟ್ಟು ಆದರೆ ಬಾಲದ ಓರೆ ತಿಳಿಯುತ್ತದೆ. ಹತ್ತು ಪಟ್ಟಿನಲ್ಲಿ ಕೈ ನಡುಕವೂ ಹತ್ತು ಪಟ್ಟು, ನೋಟದ ಅಗಲವೂ ಕಡಿಮೆ, ಓಡುವ ಜೆಟ್ ಸಿಗುವುದಿಲ್ಲ. ಮೊದಲು ಬರಿಗಣ್ಣಲ್ಲಿ ವಿಮಾನ ಹಿಡಿಯಿರಿ, ದೃಷ್ಟಿ ಕದಲಿಸದೆ ಬೈನಾಕ್ಯುಲರ್ ಕಣ್ಣಿಗೆ ತನ್ನಿ. ವಿಮಾನ ಸೂರ್ಯನ ಕಡೆ ತಿರುಗಿದರೆ ತಕ್ಷಣ ಇಳಿಸಿಬಿಡಿ, ಒಂದು ಕ್ಷಣ ಸಾಕು ಕಣ್ಣು ಹೋಗಲು. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಬೆನ್ನು ಮಾಡಿ ನಿಲ್ಲಿ.