ಬಾಡಿಗೆ ಫೋಲ್ಡರಿಗೆ ಹೋದ ಸ್ಕೂಲ್ ಮೇಲು

"ನನ್ನ ಥಂಡರ್‌ಬರ್ಡ್ ಹುಚ್ಚುಹುಚ್ಚಾಗಿ ಆಡ್ತಿದೆ ಕಣ್ರೋ" ಅಂದ ಸೀನ.

"ಪ್ಲಗ್ ಬಿಚ್ಚಿ ಒರೆಸು" ಅಂದ ಗೋಪಿ. ಅವನಿಗೆ ಥಂಡರ್‌ಬರ್ಡ್ ಅಂದರೆ ಬೈಕು. ಅದೇ ಹೆಸರಿನ ಇಮೇಲ್ ಪ್ರೋಗ್ರಾಂ ಒಂದಿದೆ, ಅದರ 1.0 ಆವೃತ್ತಿ 2004ರಲ್ಲೇ ಬಂತು ಅಂತ ಅವನನ್ನು ಒಪ್ಪಿಸುವಷ್ಟರಲ್ಲಿ ದರ್ಶಿನಿಯ ವಡೆ ತಣ್ಣಗಾಗಿತ್ತು.

ಸೀನ ಜಯನಗರದಲ್ಲಿ ನಾಲ್ಕು ಜನರ ಟ್ಯಾಕ್ಸ್ ಲೆಕ್ಕ ಬರೆದುಕೊಂಡಿರುವವನು. ಮೇಲ್ಗಡೆ ಪೋರ್ಷನ್ ಬಾಡಿಗೆಗೆ ಕೊಟ್ಟಿದ್ದಾನೆ. ಬಾಡಿಗೆಗಿರುವುದು ಸಾಫ್ಟ್‌ವೇರ್ ಹುಡುಗ. ನಲ್ಲಿ ಸೋರಿದರೂ ಮೆಟ್ಟಿಲಿಳಿದು ಬಂದು ಹೇಳಲ್ಲ, ಮೇಲ್ ಹಾಕುತ್ತಾನೆ. ಅದಕ್ಕೇ ಸೀನ ಫಿಲ್ಟರ್ ಬರೆದಿದ್ದ: ಸಬ್ಜೆಕ್ಟಿನಲ್ಲಿ 'ರೆಂಟ್' ಅಂತ ಇದ್ದರೆ ಮೇಲು ಸೀದಾ ಬಾಡಿಗೆ ಫೋಲ್ಡರಿಗೆ.

"ಸ್ಕೂಲಿನ ಮೇಲೇ ಬರ್ತಿಲ್ಲ. ಮೀಟಿಂಗಿಗೆ ನಾನು ಹೋಗ್ಲಿಲ್ಲ ಅಂತ ಮನೇಲಿ ಮಾತು ನಿಂತಿದೆ."

ಮೂರ್ತಿಯವರು ಕಾಫಿ ಲೋಟ ಕೆಳಗಿಟ್ಟರು. ಟೆಲಿಫೋನ್ ಇಲಾಖೆಯಲ್ಲಿ ಲೈನ್ ಫಾಲ್ಟ್ ಹುಡುಕಿ ಹುಡುಕಿಯೇ ರಿಟೈರ್ ಆದವರು. "ಫಿಲ್ಟರಿನ ಲಾಗ್ ಆನ್ ಮಾಡಿದ್ಯೇನಪ್ಪ?"

ಮಾಡಿದ್ದ, ಪುಣ್ಯಕ್ಕೆ. ಸಾಮಾನ್ಯವಾಗಿ ಯಾರೂ ಮಾಡಲ್ಲ. ಮೆಸೇಜ್ ಫಿಲ್ಟರ್ಸ್ ಕಿಟಕಿಯಲ್ಲೇ ಫಿಲ್ಟರ್ ಲಾಗ್ ಅಂತ ಒಂದು ಬಟನ್ ಇದೆ. ಒಳಗೆ ಹೋಗಿ ಟಿಕ್ ಹಾಕಿದರೆ ಅಲ್ಲಿಂದಾಚೆಗೆ ಯಾವ ಫಿಲ್ಟರು ಯಾವ ಮೇಲನ್ನು ಎಷ್ಟು ಹೊತ್ತಿಗೆ ಎಲ್ಲಿಗೆ ಸಾಗಿಸಿತು ಅಂತ ಒಂದೊಂದು ಸಾಲು ಬರೆದಿಡುತ್ತದೆ. ಎಲ್ಲರೂ ಪ್ರೋಗ್ರಾಂ ತೆಗೆದು ಮತ್ತೆ ಹಾಕುತ್ತಾರೆ, ಈ ಬಟನ್ ಮಾತ್ರ ಒತ್ತಲ್ಲ. ಸೀನ ಒತ್ತಿದ್ದನೇನೋ ಸರಿ, ಆದರೆ ಸ್ಕ್ರೀನ್‌ಶಾಟ್ ತೆಗೆಯಲು ಬರದೆ ಮಾನಿಟರಿನ ಫೋಟೋ ಹೊಡೆದುಕೊಂಡು ಬಂದಿದ್ದ. ಅರ್ಧ ಫೋಟೋ ಟ್ಯೂಬ್‌ಲೈಟಿನ ಬೆಳಕು.

ಮೂರ್ತಿಯವರು ಕನ್ನಡಕ ಹಣೆಗೇರಿಸಿ ಓದಿದರು. "ಫಿಲ್ಟರ್, ರೆಂಟ್. ಸಬ್ಜೆಕ್ಟು, ಪೇರೆಂಟ್ಸ್ ಮೀಟಿಂಗ್."

"ಅದಕ್ಕೂ ಬಾಡಿಗೆಗೂ ಏನ್ ಸಂಬಂಧ?"

"ನೀನು 'ಕಂಟೇನ್ಸ್' ಅಂತ ಕೊಟ್ಟಿದ್ದೀಯ. ಅದು ಪೂರ್ತಿ ಪದ ನೋಡಲ್ಲಪ್ಪ, ಅಕ್ಷರ ಸಿಕ್ಕಿದ್ರೆ ಸಾಕು. ಪೇರೆಂಟ್‌ನಲ್ಲಿ ರೆಂಟ್ ಇದೆ. ಕರೆಂಟ್ ಅಕೌಂಟಿನಲ್ಲೂ ಇದೆ."

"ಸ್ಕೂಲ್ ಫೀಸ್ ನೋಡಿದ್ರೆ ಅದು ಬಾಡಿಗೆ ಫೋಲ್ಡರಲ್ಲಿರೋದೇ ಸರಿ" ಅಂದ ಗೋಪಿ. "ಫಿಲ್ಟರಿಗೆ ನಿನಗಿಂತ ಬುದ್ಧಿ ಜಾಸ್ತಿ."

ಇದು ಸುಲಭದ ಕೇಸು. ಎರಡನೆಯದರಲ್ಲಿ ನಾವೂ ತಲೆ ಕೆರೆದುಕೊಂಡೆವು. ಕಳಿಸಿದವರ ವಿಳಾಸದಲ್ಲಿ 'ಇನ್‌ಕಂ ಟ್ಯಾಕ್ಸ್' ಇಲ್ಲದಿದ್ದರೆ, 'ಜಿಎಸ್‌ಟಿ' ಇಲ್ಲದಿದ್ದರೆ, ಮೇಲು 'ಆಮೇಲೆ ನೋಡೋಣ' ಫೋಲ್ಡರಿಗೆ ಹೋಗಲಿ ಅಂತ ಇನ್ನೊಂದು ರೂಲು. ನೋಡಿದರೆ ಟ್ಯಾಕ್ಸಿನವರ ಮೇಲೂ ಅಲ್ಲಿಗೇ ಹೋಗಿ ಕೂತಿದೆ.

"ಮೇಲ್ಗಡೆ 'ಆಲ್' ಒತ್ತಿದ್ಯೋ, 'ಎನಿ' ಒತ್ತಿದ್ಯೋ?"

"ಎನಿ. ಎರಡರಲ್ಲಿ ಯಾವ್ದಾದ್ರೂ ಒಂದು, ಅಲ್ವಾ?"

ಮೂರ್ತಿಯವರು ನಕ್ಕರು. "ಛತ್ರದ ಬಾಗಿಲಲ್ಲಿ ಒಬ್ಬನ್ನ ನಿಲ್ಲಿಸಿ, ಗಂಡಿನ ಕಡೆಯವರಲ್ದಿದ್ರೆ ಆಚೆ ಕಳಿಸು, ಹೆಣ್ಣಿನ ಕಡೆಯವರಲ್ದಿದ್ರೂ ಆಚೆ ಕಳಿಸು ಅಂದ್ರೆ ಊಟಕ್ಕೆ ಯಾರು ಉಳೀತಾರೆ?"

"ಸೋದರಿಕೆ ಸಂಬಂಧ ಇದ್ರೆ ಉಳೀತಾರೆ" ಅಂದ ಗೋಪಿ. "ಎರಡೂ ಕಡೆಯವರಾಗಿರ್ತಾರಲ್ಲ."

ಅಷ್ಟೇ ವಿಷಯ. ಟ್ಯಾಕ್ಸಿನವರ ವಿಳಾಸದಲ್ಲಿ ಜಿಎಸ್‌ಟಿ ಇಲ್ಲ, ಜಿಎಸ್‌ಟಿಯವರದ್ದರಲ್ಲಿ ಟ್ಯಾಕ್ಸ್ ಇಲ್ಲ. ಎಲ್ಲರೂ ಆಚೆ. 'ಇಲ್ಲದಿದ್ದರೆ' ಅಂತ ಎರಡು ಷರತ್ತು ಹಾಕಿದರೆ 'ಆಲ್' ಒತ್ತಬೇಕು. ಇದನ್ನು ಹೆಂಡತಿಗೆ ವಿವರಿಸಿ ಮೀಟಿಂಗಿನ ವಿಷಯ ಮುಗಿಸಬಹುದು ಅಂತ ಸೀನನಿಗೆ ಆಸೆ. ನಾವು ಬೇಡ ಅಂದೆವು.

ಫೋನಿನಲ್ಲಿ ಯಾಕೆ ಎಲ್ಲಾ ಇನ್‌ಬಾಕ್ಸಲ್ಲೇ ಬಿದ್ದಿರುತ್ತದೆ ಅಂತಲೂ ಕೇಳಿದ. ಫಿಲ್ಟರ್ ಇರುವುದು ಮನೆಯ ಕಂಪ್ಯೂಟರಿನಲ್ಲಿ. ಅದು ಆಫ್ ಆಗಿದ್ದರೆ ಮೇಲ್ ವಿಂಗಡಿಸುವವರು ಯಾರು?

"ಇನ್ನು ಕ್ರಮ" ಅಂದರು ಮೂರ್ತಿಯವರು. "ರೂಲುಗಳು ಮೇಲಿಂದ ಕೆಳಕ್ಕೆ ಓಡ್ತವೆ. ಮೇಲಿರೋ ರೂಲು ಮೇಲನ್ನ ಎತ್ತಿಕೊಂಡು ಹೋದ್ರೆ ಕೆಳಗಿರೋದಕ್ಕೆ ಸಿಗಲ್ಲ. ಮುಖ್ಯವಾದ್ದು ಮೇಲಿರ್ಬೇಕು. ತಿದ್ದಿದ ಮೇಲೆ 'ರನ್ ನೌ' ಒತ್ತಿ ಇನ್‌ಬಾಕ್ಸಿನ ಮೇಲೆ ಒಂದ್ಸಲ ಓಡಿಸಿ ನೋಡು."

ಬಾಡಿಗೆ ರೂಲಿಗೆ ಸಬ್ಜೆಕ್ಟ್ ಬೇಡ, ಹುಡುಗನ ಇಮೇಲ್ ವಿಳಾಸ ಹಾಕಿದರೆ ಸಾಕು ಅಂತ ತೀರ್ಮಾನವಾಯಿತು.

"ಅಂದ ಹಾಗೆ ಆ ಹುಡುಗ ಸಿಕ್ಕಿದ್ದ" ಅಂದೆ ನಾನು. "ಎಚ್‌ಆರ್‌ಎಗೆ, ಅದೇ ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆಯ ಟ್ಯಾಕ್ಸ್ ವಿನಾಯಿತಿಗೆ, ನಿನ್ನ ಪ್ಯಾನ್ ನಂಬರ್ ಬೇಕಂತೆ. ವರ್ಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಬಾಡಿಗೆ ಇದ್ರೆ ಕೊಡಲೇಬೇಕಲ್ವಾ? ಮೇಲ್ ಮೇಲೆ ಮೇಲ್ ಹಾಕ್ತಿದಾನಂತೆ."

"ಅದೂ ಈ ಗಲಾಟೇಲೇ ಎಲ್ಲೋ ಕಳೆದುಹೋಗಿರತ್ತೆ ಬಿಡು" ಅಂದ ಸೀನ, ಫೋನಿಗೆ ಕೈ ಚಾಚುತ್ತಾ.

ಗೋಪಿ ಕೊಡಲಿಲ್ಲ. ಫೋಟೋದ ಕೆಳತುದಿಯನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿದ. ಒಂದರ ಕೆಳಗೊಂದು ಒಂದೇ ಥರದ ಸಾಲುಗಳು. ಫಿಲ್ಟರ್: ಪ್ಯಾನ್. ಕಳಿಸಿದವರು: ಮೇಲ್ಗಡೆ ಮನೆ ಹುಡುಗ. ಹೋದ ಜಾಗ: ಟ್ರ್ಯಾಶ್. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿಟ್ಟಿದ್ದ ರೂಲು ಅದೇ ಅಂತ ಸೀನ ಆಮೇಲೆ ಬಾಯಿಬಿಟ್ಟ.

ಮೂರ್ತಿಯವರು ಕನ್ನಡಕ ಇಳಿಸಿ ಇನ್ನೊಂದು ಸಲ ಓದಿದರು. "ಇದೊಂದನ್ನ ಮಾತ್ರ ಮುಟ್ಟಬೇಡಪ್ಪ. ಒಂದ್ ಚೂರೂ ಫಾಲ್ಟ್ ಇಲ್ಲ."