ಊರಿಂದ ಹಿರಿಯರು ಬಂದರೆ ಒಂದು ದಿನ ಐರನ್‌ಬ್ರಿಡ್ಜ್‌ಗೆ ಕರೆದುಕೊಂಡು ಹೋಗಿ

ಎಲ್ಲರಿಗೂ ನಮಸ್ಕಾರ. ಊರಿಂದ ಅತ್ತೆ ಮಾವ ಬರುತ್ತಿದ್ದಾರೆ, ಬರ್ಮಿಂಗ್‌ಹ್ಯಾಮ್ ಹತ್ತಿರ ಮಕ್ಕಳನ್ನೂ ಕರೆದುಕೊಂಡು ಒಂದು ದಿನ ಎಲ್ಲಿಗೆ ಹೋಗಬಹುದು ಅಂತ ಕೇಳಿದ್ದೀರಲ್ಲ, ನಾನು ಹೇಳುವುದು ಒಂದೇ ಊರು. ಶ್ರಾಪ್‌ಶೈರ್‌ನ ಐರನ್‌ಬ್ರಿಡ್ಜ್. ಕಾರಿನಲ್ಲಿ ಸುಮಾರು ಒಂದು ಗಂಟೆ ದಾರಿ. ಸೆವರ್ನ್ ನದಿಯ ದಡದಲ್ಲಿ, ಗುಡ್ಡಕ್ಕೆ ಅಂಟಿಕೊಂಡಂತಿರುವ ಪುಟ್ಟ ಊರು.

ಹೋದ ತಿಂಗಳು ನನ್ನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ಅದಕ್ಕೂ ಮೊದಲು ಲಂಡನ್ ತೋರಿಸಿದ್ದೆವು. ಅಲ್ಲಿ ಅಪ್ಪ ಸುಮ್ನೆ ನಮ್ಮ ಹಿಂದೆ ನಡೆದರು. ಐರನ್‌ಬ್ರಿಡ್ಜ್‌ನಲ್ಲಿ ಮಾತ್ರ ಅವರು ಮುಂದೆ, ನಾವು ಹಿಂದೆ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡಿದವರು.

ಊರಿಗೆ ಹೆಸರು ಬಂದಿದ್ದೇ ಸೇತುವೆಯಿಂದ. ಕಬ್ಬಿಣದಿಂದ ಕಟ್ಟಿದ ಜಗತ್ತಿನ ಮೊದಲ ದೊಡ್ಡ ಸೇತುವೆ ಇದು. 1779ರಲ್ಲಿ ಕಮಾನು ನಿಲ್ಲಿಸಿದರು, 1781ರ ಹೊಸ ವರ್ಷದ ದಿನ ಓಡಾಟ ಶುರುವಾಯಿತು. ಸುಮಾರು 30 ಮೀಟರ್ ಅಗಲದ ಒಂದೇ ಕಮಾನು, 380 ಟನ್ ಹತ್ತಿರ ಕಬ್ಬಿಣ. ಈಗ ಗಾಡಿಗಳಿಗೆ ಬಿಡುವುದಿಲ್ಲ, ನಡೆದು ದಾಟಲು ದುಡ್ಡು ಕೊಡಬೇಕಿಲ್ಲ. ಮಕ್ಕಳನ್ನು ಧೈರ್ಯವಾಗಿ ಓಡಾಡಲು ಬಿಡಬಹುದು.

ಮೇಲೆ ದಾಟಿ ಫೋಟೋ ತೆಗೆದು ವಾಪಸ್ ಬರಬೇಡಿ. ನದಿ ಪಕ್ಕಕ್ಕೆ ಇಳಿದು ಕೆಳಗಿಂದ ನೋಡಿ. ಅಪ್ಪ ಅಲ್ಲೇ ನಿಂತುಬಿಟ್ಟರು. ಮಗನ ಕೈ ಹಿಡಿದು ಒಂದು ಜೋಡಣೆ ತೋರಿಸಿದರು. "ನೋಡು ಪುಟ್ಟ, ಬಾಗಿಲ ಚೌಕಟ್ಟಿಗೆ ಬಡಗಿ ತೂತು ಕೊರೆದು, ಇನ್ನೊಂದು ಮರದ ತುದಿ ಕೂರಿಸಿ ಬೆಣೆ ಹೊಡೀತಾನಲ್ಲ, ಹಾಗೇ ಮಾಡಿದ್ದಾರೆ." ನಿಜ. ಆಗ ಕಬ್ಬಿಣದಲ್ಲಿ ಇಷ್ಟು ದೊಡ್ಡ ಸೇತುವೆ ಕಟ್ಟಿ ಯಾರಿಗೂ ಅಭ್ಯಾಸವಿರಲಿಲ್ಲ. ಹಾಗಾಗಿ ಮರಗೆಲಸದ ಜೋಡಣೆಗಳನ್ನೇ ಕಬ್ಬಿಣಕ್ಕೂ ತಂದರು. ಸುಮಾರು 1700 ಬಿಡಿ ತುಂಡುಗಳು. ಮಗನಿಗೆ ಒಂಬತ್ತು ವರ್ಷ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡುವವನು, ಅವತ್ತು "ತಾತ, ಬೆಣೆ ಅಂದ್ರೆ?" ಅಂತ ಕನ್ನಡದಲ್ಲೇ ಕೇಳಿದ.

ದಕ್ಷಿಣದ ತುದಿಯಲ್ಲಿ ಸುಂಕದ ಮನೆ ಇದೆ. ಅಲ್ಲಿನ ಹಳೆಯ ದರಪಟ್ಟಿಯನ್ನು ಮಕ್ಕಳ ಕೈಯಲ್ಲೇ ಓದಿಸಿ. ಸೈನಿಕರಾಗಲಿ, ರಾಜಮನೆತನದವರೇ ಆಗಲಿ, ದಾಟುವವರು ಸುಂಕ ಕೊಡಲೇಬೇಕು ಅಂತ ಬರೆದಿದ್ದಾರೆ. ನನ್ನ ಮಗಳಿಗೆ ಇದು ತುಂಬಾ ಇಷ್ಟವಾಯಿತು.

ಆಮೇಲೆ ಹತ್ತಿರದ ಕೋಲ್‌ಬ್ರೂಕ್‌ಡೇಲ್‌ಗೆ ಹೋಗಿ. ಅಬ್ರಹಾಂ ಡಾರ್ಬಿ 1709ರಲ್ಲಿ ಇದ್ದಿಲಿನ ಬದಲು ಕೋಕ್ ಉರಿಸಿ ಕಬ್ಬಿಣ ಕರಗಿಸಿದ ಊದುಕುಲುಮೆ ಅಲ್ಲಿದೆ. ಸೇತುವೆಗೆ ಎರಕ ಹೊಯ್ಯಿಸಿದ್ದು ಅವನ ಮೊಮ್ಮಗ, ಅವನ ಹೆಸರೂ ಅಬ್ರಹಾಂ ಡಾರ್ಬಿಯೇ. ಇದ್ದಿಲು ಬೇಕು ಅಂದರೆ ಕಾಡು ಕಡಿಯಬೇಕು. ಕಲ್ಲಿದ್ದಲನ್ನು ಸುಟ್ಟು ಮಾಡುವ ಕೋಕ್ ಬಂದಮೇಲೆ ಆ ತಾಪತ್ರಯ ತಪ್ಪಿತು. ನಮ್ಮ ಭದ್ರಾವತಿಯ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ, ಅದೂ ಇದ್ದಿಲಿನಿಂದಲೇ. ಅದಿರು ಕೆಮ್ಮಣ್ಣುಗುಂಡಿಯಿಂದ, ಸೌದೆ ಮಲೆನಾಡಿನ ಕಾಡಿನಿಂದ. ಕಲ್ಲಿದ್ದಲು ನಮ್ಮ ಕಡೆ ಇರಲಿಲ್ಲವಲ್ಲ! ಕುಲುಮೆಯ ಮುಂದೆ ನಿಂತು ಅಪ್ಪ ಇದನ್ನೆಲ್ಲ ಹೇಳುತ್ತಿದ್ದರೆ, ಅದೇ ಊರಲ್ಲಿ ಬೆಳೆದ ನಾನೂ ಮೊದಲ ಸಲ ಕೇಳಿದೆ.

ಅಮ್ಮನಿಗೆ ಹಿಡಿಸಿದ್ದು ಅಲ್ಲೇ ಹತ್ತಿರದ ಬ್ಲಿಸ್ಟ್ಸ್ ಹಿಲ್ ಅನ್ನುವ ಬಯಲು ಮ್ಯೂಸಿಯಂ. ಇಲ್ಲಿ 1900ರ ಆಸುಪಾಸಿನ ಒಂದು ಊರನ್ನೇ ಕಟ್ಟಿಟ್ಟಿದ್ದಾರೆ. ಕಮ್ಮಾರನ ಸಾಲೆ, ದಿನಸಿ ಅಂಗಡಿ, ಬ್ಯಾಂಕು ಎಲ್ಲ ಇವೆ. ಬ್ಯಾಂಕಿನಲ್ಲಿ ಈಗಿನ ದುಡ್ಡು ಕೊಟ್ಟು ಹಳೆಯ ಕಾಲದ ನಾಣ್ಯ ತೆಗೆದುಕೊಳ್ಳಬಹುದು. 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್. ಮಕ್ಕಳು ಲೆಕ್ಕ ಹಾಕಲಾಗದೆ ಒದ್ದಾಡುತ್ತಿದ್ದಾಗ ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮಲ್ಲೂ 1957ರವರೆಗೆ ರೂಪಾಯಿಗೆ 16 ಆಣೆ ಇತ್ತು, ನಾಲ್ಕಾಣೆ ಅಂದರೆ 25 ಪೈಸೆ ಅಂತ ಬಿಡಿಸಿ ಹೇಳಿದರು. ಒಂದು ಪೆನ್ನಿ ಇನ್ನೂ ಮಗಳ ಪೆನ್ಸಿಲ್ ಡಬ್ಬಿಯಲ್ಲಿದೆ.

ಊಟದ ವಿಷಯ. ಸಸ್ಯಾಹಾರಿಗಳು ಚಿಪ್ಸ್ ಕೊಳ್ಳುವ ಮೊದಲು ಯಾವುದರಲ್ಲಿ ಕರಿದಿದ್ದು ಅಂತ ಕೇಳಿ. ಕೆಲವು ಕಡೆ ದನದ ಕೊಬ್ಬು ಬಳಸುತ್ತಾರೆ. ನಾವು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ನದಿ ಪಕ್ಕದ ಪಾರ್ಕಿನಲ್ಲಿ ಕೂತು ತಿಂದೆವು.

ಮಂಡಿ ನೋವಿದ್ದವರಿಗೆ ಒಂದು ಮಾತು. ಚರ್ಚ್ ಕಡೆಗೆ ಹತ್ತುವ ಮೆಟ್ಟಿಲು ಜಾಸ್ತಿ ಇವೆ, ಅದನ್ನು ಬಿಟ್ಟರೂ ನಷ್ಟವಿಲ್ಲ. ಬ್ಲಿಸ್ಟ್ಸ್ ಹಿಲ್‌ನಲ್ಲೂ ಇಳಿಜಾರು ಇದೆ, ನಿಧಾನಕ್ಕೆ ನಡೆಯಿರಿ. ಜೋರು ಮಳೆಯಾದಾಗ ಸೆವರ್ನ್ ಉಕ್ಕಿ ದಡದ ರಸ್ತೆಗೆ ನೀರು ಬರುತ್ತದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಮ್ಯೂಸಿಯಂಗಳು ತೆರೆದಿರುವ ದಿನಗಳನ್ನೂ ನೋಡಿಕೊಂಡು ಹೊರಡಿ. ಒಂದೇ ದಿನದಲ್ಲಿ ಎಲ್ಲ ಮುಗಿಸಲು ಹೋಗಬೇಡಿ, ಸೇತುವೆ ಮತ್ತು ಇನ್ನೊಂದು ಜಾಗ ಸಾಕು.

ಶನಿವಾರ ಹೋಗುವುದಾದರೆ ತಿಳಿಸಿ, ನಾವೂ ಬರುತ್ತೇವೆ. ಅಪ್ಪ ಸೆಪ್ಟೆಂಬರ್‌ವರೆಗೆ ಇಲ್ಲೇ ಇರುತ್ತಾರೆ. ನಿಮ್ಮ ಮಾವನವರಿಗೂ ಮಾತಿಗೆ ಜೊತೆಯಾಗುತ್ತದೆ.