ಟ್ಯಾಬ್ಲೆಟ್‌ನಲ್ಲಿರುವ ಸೀರೆಗಳ ಚಿತ್ರಗಳನ್ನು ಅಂಗಡಿಯ ಟಿವಿಯಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ಇಳಕಲ್‌ನ ಸೀರೆ ಅಂಗಡಿಯವರಿಂದ

ಎಲ್ಲರಿಗೂ ಶರಣು. ಇಳಕಲ್ ಪೇಟೆಯಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಮದುವೆಯ ಜವಳಿ ತೆಗೆಯಲು ಬರುವವರು ಮನೆಮಂದಿಯೆಲ್ಲ ಕೂಡಿಯೇ ಬರುತ್ತಾರೆ. ಬಂದವರಿಗೆಲ್ಲ ಪ್ರತಿಯೊಂದು ಸೀರೆಯ ಮಡಿಕೆ ಬಿಚ್ಚಿ ತೋರಿಸುವುದು ಆಗದ ಮಾತು. ಅದೂ ಅಲ್ಲದೆ, ನೇಕಾರರ ಮನೆಯಲ್ಲಿ ಇನ್ನೂ ಮಗ್ಗದ ಮೇಲೆಯೇ ಇರುವ ಸೀರೆಗಳ ಚಿತ್ರ ತೋರಿಸಿ ಮುಂಗಡ ಬೇಡಿಕೆ ಪಡೆಯುವುದೂ ಉಂಟು. ಹತ್ತು ಇಂಚಿನ ಟ್ಯಾಬ್ಲೆಟ್ಟನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಹೋದರೆ, ಕೊನೆಯಲ್ಲಿ ಕುಳಿತ ಅಜ್ಜಿಗೆ ತಲುಪುವ ಹೊತ್ತಿಗೆ ಯಾವ ಸೀರೆಯ ಮಾತು ನಡೆದಿತ್ತೆಂಬುದೇ ಮರೆತುಹೋಗಿರುತ್ತದೆ. ಆದ್ದರಿಂದ ಗೋಡೆಯ ಮೇಲಿರುವ 43 ಇಂಚಿನ ಟಿವಿಯಲ್ಲಿಯೇ ಚಿತ್ರಗಳನ್ನು ತೋರಿಸಬೇಕೆಂದಿದ್ದೇವೆ. ಗಿರಾಕಿಗಳು ಕೇಳಿದಾಗ ಸೆರಗು ಮತ್ತು ದಡಿಯನ್ನು ಹಿಗ್ಗಿಸಿ ತೋರಿಸುವಂತೆಯೂ ಇರಬೇಕು.

ಟ್ಯಾಬ್ಲೆಟ್ ಕಡಿಮೆ ಬೆಲೆಯ ಆಂಡ್ರಾಯ್ಡ್, ಚಾರ್ಜ್ ಮಾಡುವ ಕಿಂಡಿ ಟೈಪ್-ಸಿ. ಟಿವಿಗೆ ಎರಡು ಎಚ್‌ಡಿಎಂಐ ಕಿಂಡಿಗಳೂ ಒಂದು ಯುಎಸ್‌ಬಿ ಕಿಂಡಿಯೂ ಇವೆ. ಒಂದು ತುದಿಯಲ್ಲಿ ಟೈಪ್-ಸಿ, ಇನ್ನೊಂದು ತುದಿಯಲ್ಲಿ ಎಚ್‌ಡಿಎಂಐ ಇರುವ ಕೇಬಲ್ ತರಿಸಿ ಜೋಡಿಸಿದರೆ ಟಿವಿ ‘ನೋ ಸಿಗ್ನಲ್’ ಎನ್ನುತ್ತದೆ. ಚಾರ್ಜರಿನ ಕೇಬಲನ್ನೇ ಟಿವಿಯ ಯುಎಸ್‌ಬಿಗೆ ಹಾಕಿದರೆ ಟ್ಯಾಬ್ಲೆಟ್ ಚಾರ್ಜ್ ಆಗುತ್ತದೆ, ಚಿತ್ರ ಮಾತ್ರ ಬಾರದು. ಅಂಗಡಿಯಲ್ಲಿ ವೈಫೈ ಸಂಪರ್ಕವಿಲ್ಲ. ಹಳೆಯ ಕಲ್ಲಿನ ಕಟ್ಟಡವಾದ್ದರಿಂದ ಒಳಗೆ ಮೊಬೈಲ್ ಇಂಟರ್ನೆಟ್ಟೂ ಅಷ್ಟಕ್ಕಷ್ಟೇ. ದೋಷ ಕೇಬಲಿನದೋ ಟ್ಯಾಬ್ಲೆಟ್ಟಿನದೋ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಬಾಗಲಕೋಟೆ ನವನಗರ, ಟಿವಿ ದುರಸ್ತಿ

ಸಾವಕಾರರೇ, ಕೇಬಲ್ ಕೆಟ್ಟಿರುವ ಸಂಭವ ಕಡಿಮೆ; ಅದನ್ನು ಬದಲಾಯಿಸಲು ಇನ್ನೊಂದು ಕೇಬಲಿಗೆ ಹಣ ಹಾಕಬೇಡಿರಿ. ಟೈಪ್-ಸಿ ಎಂಬುದು ಕಿಂಡಿಯ ಆಕಾರ ಮಾತ್ರ. ಆ ಕಿಂಡಿಯೊಳಗೆ 24 ಸಂಪರ್ಕ ಬಿಂದುಗಳಿಗೆ ಜಾಗವಿರುತ್ತದೆ. ಅವುಗಳಲ್ಲಿ ವೇಗದ ದತ್ತಾಂಶ ಸಾಗಿಸುವ ಜೋಡಿಗಳ ಮೂಲಕ ಟಿವಿಗೆ ಚಿತ್ರ ಕಳಿಸುವ ವ್ಯವಸ್ಥೆಗೆ ‘ಡಿಸ್ಪ್ಲೇಪೋರ್ಟ್ ಆಲ್ಟರ್ನೇಟ್ ಮೋಡ್’ ಎಂದು ಹೆಸರು. ಇದನ್ನು 2014ರಲ್ಲಿ ಪ್ರಕಟಿಸಲಾಯಿತು. ಕಡಿಮೆ ಬೆಲೆಯ ಟ್ಯಾಬ್ಲೆಟ್ಟುಗಳಲ್ಲಿ ತಯಾರಕರು ಖರ್ಚು ಉಳಿಸಲು ಆ ಜೋಡಿಗಳನ್ನು ಒಳಗೆ ಜೋಡಿಸಿರುವುದೇ ಇಲ್ಲ. ಚಾರ್ಜಿಂಗ್‌ಗೂ ಹಳೆಯ ಯುಎಸ್‌ಬಿ 2.0 ವೇಗದ ದತ್ತಾಂಶಕ್ಕೂ ಬೇಕಾದಷ್ಟನ್ನು ಮಾತ್ರ ಕೊಟ್ಟಿರುತ್ತಾರೆ. ಒಳಗೆ ತಂತಿಯೇ ಇಲ್ಲದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಏನು ಹುಡುಕಿದರೂ, ಯಾವ ಆ್ಯಪ್ ಹಾಕಿದರೂ ಆ ಕೇಬಲಿನಿಂದ ಚಿತ್ರ ಬರುವುದಿಲ್ಲ.

ನಿಮ್ಮ ಮಾದರಿಯ ವಿವರಪಟ್ಟಿಯಲ್ಲಿ ಯುಎಸ್‌ಬಿ ಎಂಬ ಸಾಲನ್ನು ನೋಡಿರಿ. ಅಲ್ಲಿ ಡಿಸ್ಪ್ಲೇಪೋರ್ಟ್ ಎಂಬ ಪದವಿದ್ದರೆ ಕೇಬಲ್ ನಡೆಯುತ್ತದೆ; ಬರೀ ‘ಟೈಪ್-ಸಿ 2.0’ ಎಂದಿದ್ದರೆ ಆಸೆ ಬಿಡಬೇಕು. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ಟ್ಯಾಬ್ ಎಸ್8, ಎಸ್9ರಂತಹ ಮೇಲ್ದರ್ಜೆಯವುಗಳಿಗೆ ಈ ಸೌಲಭ್ಯವಿದೆ, ಟ್ಯಾಬ್ ಎ8, ಎ9ರಂತಹ ಅಗ್ಗದವುಗಳಿಗೆ ಇಲ್ಲ. 2022ರಲ್ಲಿ ಬಂದ ಹತ್ತನೆಯ ತಲೆಮಾರಿನ ಐಪ್ಯಾಡ್‌ಗೆ ಇದೆ. ಗಿರಾಕಿಗೆ ಕೇಬಲ್ ಕೊಡುವ ಮೊದಲು ಟ್ಯಾಬ್ಲೆಟ್ ಯಾವುದೆಂದು ಕೇಳುವವರು ನಮ್ಮ ಕಡೆ ಕಡಿಮೆ. ದಿನವೂ ಇಂಥ ಕೇಬಲ್ ಹಿಡಿದುಕೊಂಡು ದುರಸ್ತಿಗೆ ಬರುವವರನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ.

ಟಿವಿಯ ಯುಎಸ್‌ಬಿ ಕಿಂಡಿಯ ವಿಷಯವೂ ಇಷ್ಟೇ. ಅದು ಪೆನ್‌ಡ್ರೈವ್ ಓದಲೆಂದು ಇರುವುದು. ಪರದೆಯ ಚಿತ್ರವನ್ನು ಅದು ಒಳಗೆ ತೆಗೆದುಕೊಳ್ಳುವುದಿಲ್ಲ.

ತಂತಿಯೇ ಬೇಕೆಂಬ ಹಟವಿದ್ದರೆ ಡಿಸ್ಪ್ಲೇಲಿಂಕ್ ಚಿಪ್ ಇರುವ ಅಡಾಪ್ಟರ್ ಒಂದು ದಾರಿ. ಅದು ಪರದೆಯ ಚಿತ್ರವನ್ನು ಸಾಮಾನ್ಯ ಯುಎಸ್‌ಬಿ ದತ್ತಾಂಶವಾಗಿ ಪಡೆದು ತಾನೇ ಎಚ್‌ಡಿಎಂಐ ಸಂಕೇತ ತಯಾರಿಸುತ್ತದೆ. ಟ್ಯಾಬ್ಲೆಟ್‌ನಲ್ಲಿ ‘ಡಿಸ್ಪ್ಲೇಲಿಂಕ್ ಪ್ರೆಸೆಂಟರ್’ ಎಂಬ ಆ್ಯಪ್ ಇರಬೇಕು, ಕಿಂಡಿ ಒಟಿಜಿಗೆ, ಅಂದರೆ ಹೊರಗಿನ ಯುಎಸ್‌ಬಿ ಸಾಧನವನ್ನು ಜೋಡಿಸಿ ನಡೆಸುವುದಕ್ಕೆ, ಒಪ್ಪಬೇಕು. ಸಿನಿಮಾ ಆ್ಯಪ್‌ಗಳ ಸಂರಕ್ಷಿತ ವಿಡಿಯೊ ಅದರಲ್ಲಿ ಕಪ್ಪಾಗಿ ಕಾಣುತ್ತದೆ. ಸೀರೆಯ ಚಿತ್ರಗಳಿಗೆ ಆ ತೊಂದರೆ ಇಲ್ಲ.

ಉತ್ತರ: ವಿಜಯಪುರ, ಕಾಲೇಜು ಉಪನ್ಯಾಸಕ

ನವನಗರದವರು ಹೇಳಿದ್ದು ಸರಿಯಾಗಿಯೇ ಇದೆ, ಆದರೆ ಅಡಾಪ್ಟರ್ ಕೊಳ್ಳುವ ಮೊದಲು ಮಾಡಿ ನೋಡಬೇಕಾದ, ಖರ್ಚಿಲ್ಲದ ಕೆಲಸವೊಂದಿದೆ. ಟಿವಿಯ ರಿಮೋಟಿನಲ್ಲಿ ‘ಸೋರ್ಸ್’ ಗುಂಡಿ ಒತ್ತಿ, ಪಟ್ಟಿಯಲ್ಲಿ ‘ಸ್ಕ್ರೀನ್ ಮಿರರಿಂಗ್’, ‘ಮಿರಾಕಾಸ್ಟ್’ ಅಥವಾ ‘ವೈರ್‌ಲೆಸ್ ಡಿಸ್ಪ್ಲೇ’ ಎಂಬ ಹೆಸರಿದೆಯೇ ನೋಡಿರಿ. ಟ್ಯಾಬ್ಲೆಟ್‌ನಲ್ಲಿ ಮೇಲಿನಿಂದ ಕೆಳಗೆ ಎಳೆದಾಗ ಕಾಣುವ ಫಲಕದಲ್ಲಿ ‘ಸ್ಮಾರ್ಟ್ ವ್ಯೂ’, ‘ಕಾಸ್ಟ್’ ಅಥವಾ ಅಂಥದೇ ಹೆಸರಿನ ಗುಂಡಿಯಿರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಜನ ಒಂದೇ ಎಂದುಕೊಂಡು ಗೊಂದಲಪಡುತ್ತಾರೆ. ವೈಫೈ ಅಲಯನ್ಸ್ 2012ರಲ್ಲಿ ತಂದ ಮಿರಾಕಾಸ್ಟ್‌ನಲ್ಲಿ ಟ್ಯಾಬ್ಲೆಟ್ ಮತ್ತು ಟಿವಿ ನೇರವಾಗಿ ಒಂದಕ್ಕೊಂದು ವೈಫೈ ಮೂಲಕ ಜೋಡಿಕೊಳ್ಳುತ್ತವೆ. ನಡುವೆ ರೌಟರ್ ಬೇಡ, ಇಂಟರ್ನೆಟ್ ಬೇಡ, ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಏನಿದೆಯೋ ಅದೇ ಟಿವಿಯಲ್ಲಿ ಮೂಡುತ್ತದೆ. 2013ರಲ್ಲಿ ಕ್ರೋಮ್‌ಕಾಸ್ಟ್ ಜೊತೆಗೆ ಬಂದ ಗೂಗಲ್ ಕಾಸ್ಟ್‌ನಲ್ಲಿ ಹಾಗಲ್ಲ. ಅದರಲ್ಲಿ ಎರಡೂ ಒಂದೇ ವೈಫೈ ಜಾಲದಲ್ಲಿರಬೇಕು. ಯೂಟ್ಯೂಬ್‌ನಂಥ ಆ್ಯಪ್‌ನಿಂದ ಕಾಸ್ಟ್ ಮಾಡಿದರೆ ವಿಡಿಯೊವನ್ನು ಟಿವಿಯೇ ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ, ಟ್ಯಾಬ್ಲೆಟ್ ಬರೀ ರಿಮೋಟಿನ ಕೆಲಸ ಮಾಡುತ್ತದೆ. ನಿಮ್ಮಂತೆ ಇಂಟರ್ನೆಟ್ ಇಲ್ಲದ ಕಡೆ ಮಿರಾಕಾಸ್ಟ್ ಇದ್ದರೆ ಅದೇ ಮೇಲು. ಆದರೆ ಎಲ್ಲ ಆಂಡ್ರಾಯ್ಡ್ ಸಾಧನಗಳಲ್ಲೂ ಅದು ಇರುವುದಿಲ್ಲ. ಗೂಗಲ್ ತನ್ನ ಸ್ವಂತ ಸಾಧನಗಳಿಂದ ಅದನ್ನು ತೆಗೆದುಹಾಕಿದೆ. ಸ್ಯಾಮ್‌ಸಂಗ್ ಮೊದಲಾದ ಕೆಲವು ತಯಾರಕರು ಉಳಿಸಿಕೊಂಡಿದ್ದಾರೆ.

ಟಿವಿಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ, ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಮಿರಾಕಾಸ್ಟ್ ಡಾಂಗಲ್ ಸಿಗುತ್ತದೆ. ಅದಕ್ಕೆ ವಿದ್ಯುತ್ ಕೊಡಲು ಟಿವಿಯ ಯುಎಸ್‌ಬಿ ಕಿಂಡಿಯನ್ನು ನೆಚ್ಚಿಕೊಳ್ಳಬೇಡಿ. ಯುಎಸ್‌ಬಿ 2.0 ನಿಯಮದ ಪ್ರಕಾರ ಅಲ್ಲಿ ಸಿಗುವುದು 500 ಮಿಲಿಆಂಪಿಯರ್ ಮಾತ್ರ, ಅದು ಸಾಲದೆ ಡಾಂಗಲ್ ನಡುನಡುವೆ ಆರಿ ಹೊತ್ತುತ್ತದೆ. ಮೊಬೈಲಿನ 5 ವೋಲ್ಟ್ ಚಾರ್ಜರಿಗೆ ಹಾಕಿದರೆ ಆ ಕಾಟ ತಪ್ಪುತ್ತದೆ.

ಇನ್ನೊಂದು ಮಾತು. ಮಿರರಿಂಗ್ ಮಾಡುವಾಗ ಟ್ಯಾಬ್ಲೆಟ್ಟಿಗೆ ಬರುವ ಸಂದೇಶಗಳೂ ಟಿವಿಯ ಮೇಲೆ ಕಾಣುತ್ತವೆ. ಗಿರಾಕಿಗಳು ದರ ಚೌಕಾಸಿ ಮಾಡುತ್ತಿರುವಾಗಲೇ ನೇಕಾರರು ಕಳಿಸಿದ ಸಗಟು ದರ ಗೋಡೆಯ ಮೇಲೆ ಮೂಡಿದರೆ ಆ ದಿನದ ವ್ಯಾಪಾರ ಹೇಗಾದೀತೆಂಬುದನ್ನು ನಾನು ಹೇಳಬೇಕಾಗಿಲ್ಲ. ‘ಡು ನಾಟ್ ಡಿಸ್ಟರ್ಬ್’ ಆನ್ ಮಾಡಿಯೇ ಜೋಡಿಸಿರಿ.

ಮರುಮಾತು: ಇಳಕಲ್‌ನ ಸೀರೆ ಅಂಗಡಿಯವರಿಂದ

ಇಬ್ಬರಿಗೂ ಅನಂತ ಧನ್ಯವಾದಗಳು. ವಿವರಪಟ್ಟಿಯಲ್ಲಿ ‘ಟೈಪ್-ಸಿ 2.0’ ಎಂದೇ ಇದೆ, ಹಾಗಾಗಿ ಕೇಬಲಿನ ಆಸೆ ಬಿಟ್ಟಿದ್ದೇವೆ. ಟಿವಿಯ ಸೋರ್ಸ್ ಪಟ್ಟಿಯಲ್ಲಿ ಸ್ಕ್ರೀನ್ ಮಿರರಿಂಗ್ ಸಿಕ್ಕಿತು; ಇಂಟರ್ನೆಟ್ ಇಲ್ಲದೆಯೇ ಚಿತ್ರ ಬಂದಿತು. ಸಗಟು ದರದ ಎಚ್ಚರಿಕೆಗೆ ಮನೆಯವರೆಲ್ಲ ನಕ್ಕರು, ಆದರೆ ಕೂಡಲೇ ಪಾಲಿಸಿದರು.

ಈಗ ಉಳಿದಿರುವುದು ಬಣ್ಣದ ಪ್ರಶ್ನೆ. ಗಿರಿ ಕುಂಕುಮದ ಕೆಂಪು ಟಿವಿಯಲ್ಲಿ ಉರಿಯುವ ಕಿತ್ತಳೆಯಂತೆ ಕಾಣುತ್ತದೆ. ಟೋಪ ತೆನಿ ಸೆರಗಿನ ಬಿಳಿ ಗೋಪುರಗಳ ಅಂಚು ಕೆಂಪಿನೊಳಗೆ ಕಲಸಿಹೋಗುತ್ತದೆ, ಗೋಮಿ ದಡಿಗೂ ಗಾಡಿ ದಡಿಗೂ ವ್ಯತ್ಯಾಸ ತಿಳಿಯುವುದು ಕಷ್ಟವಾಗುತ್ತದೆ. ಟಿವಿಯಲ್ಲಿ ಒಂದು ಬಣ್ಣ ತೋರಿಸಿ ಕೈಗೆ ಇನ್ನೊಂದು ಬಣ್ಣ ಕೊಟ್ಟೆವೆಂಬ ಮಾತು ಬರಬಾರದು. ಜೊತೆಗೆ ಚಿತ್ರ ಆಗಾಗ ತಡವರಿಸಿ ನಿಲ್ಲುತ್ತದೆ.

ಉತ್ತರ: ಬೆಳಗಾವಿ, ಸ್ಟುಡಿಯೊ ಛಾಯಾಗ್ರಾಹಕ

ಇದು ನನ್ನ ಕಸುಬಿಗೆ ಸಂಬಂಧಪಟ್ಟ ಮಾತಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಟಿವಿಯನ್ನು ಸರಿಪಡಿಸಿರಿ. ಅಂಗಡಿಯ ಬೆಳಕಿನಲ್ಲಿ ಕಣ್ಣು ಸೆಳೆಯಲೆಂದು ಎಷ್ಟೋ ಟಿವಿಗಳನ್ನು ‘ವಿವಿಡ್’ ಅಥವಾ ‘ಡೈನಾಮಿಕ್’ ಎಂಬ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಅದರಲ್ಲಿ ಬಿಳಿ ನೀಲಿಗೆ ತಿರುಗುತ್ತದೆ, ಕೆಂಪು ಮಿತಿ ಮೀರಿ ಏರುತ್ತದೆ. ಏರಿದ ಕೆಂಪಿನೊಳಗಿನ ಸಣ್ಣ ಏರಿಳಿತಗಳೆಲ್ಲ ಅಳಿಸಿಹೋಗಿ ದಡಿಯ ಎಳೆಗಳು ಕಾಣದಾಗುತ್ತವೆ. ಪಿಕ್ಚರ್ ಮೋಡನ್ನು ‘ಸಿನಿಮಾ’ ಅಥವಾ ‘ಮೂವಿ’ಗೆ, ಬಣ್ಣದ ತಾಪವನ್ನು ‘ವಾರ್ಮ್’ಗೆ ಬದಲಿಸಿರಿ. ಮೊದಲ ದಿನ ಪರದೆ ಮಂಕಾಗಿ, ಹಳದಿಯಾಗಿ ಕಂಡೀತು, ಕಣ್ಣು ಒಗ್ಗಿಕೊಳ್ಳುತ್ತದೆ. ‘ಶಾರ್ಪ್‌ನೆಸ್’ ಎಂಬುದನ್ನು ಬಹಳ ಇಳಿಸಬೇಕು, ಅದು ಪ್ರತಿ ಎಳೆಯ ಸುತ್ತ ಇಲ್ಲದ ಬಿಳಿಗೆರೆ ಬಿಡಿಸುತ್ತದೆ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಅಳತೆಯ ಪಟ್ಟಿಯಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಆರಿಸಿರಿ. ಇಷ್ಟಾದ ಮೇಲೆ ಒಂದು ನಿಜವಾದ ಸೀರೆಯನ್ನು ಟಿವಿಯ ಪಕ್ಕದಲ್ಲಿ ತೂಗಿಬಿಟ್ಟು, ಅದೇ ಸೀರೆಯ ಚಿತ್ರವನ್ನು ಪರದೆಗೆ ತಂದು, ‘ಕಲರ್’ ಅಂಶವನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಹೋಲಿಸಿರಿ. ಸರಿಬಿದ್ದ ಮೇಲೆ ಸೆಟ್ಟಿಂಗ್ಸನ್ನು ಯಾರೂ ಮುಟ್ಟಬಾರದು.

ಇನ್ನು ಸೆರಗಿನ ಅಂಚು ಕಲಸಿಹೋಗುವುದಕ್ಕೆ ಕಾರಣ ಮಿರಾಕಾಸ್ಟ್‌ನೊಳಗೇ ಇದೆ. ಪರದೆಯ ಚಿತ್ರವನ್ನು ಕಳಿಸುವ ಮೊದಲು ಟ್ಯಾಬ್ಲೆಟ್ ಅದನ್ನು ಎಚ್.264 ವಿಡಿಯೊ ಮಾಡಿ ಕುಗ್ಗಿಸುತ್ತದೆ. ಆಗ ಬೆಳಕು ಕತ್ತಲೆಯ ವಿವರ ಪ್ರತಿ ಚುಕ್ಕಿಗೂ ಉಳಿಯುತ್ತದೆ, ಬಣ್ಣದ ವಿವರ ಮಾತ್ರ ನಾಲ್ಕು ಚುಕ್ಕಿಗಳಿಗೆ ಒಂದೇ ಆಗಿ ಉಳಿಯುತ್ತದೆ. ಮನುಷ್ಯರ ಮುಖಕ್ಕೆ ಇದು ಗೊತ್ತೇ ಆಗುವುದಿಲ್ಲ. ಕಡುಗೆಂಪಿನ ಮೇಲೆ ಸಣ್ಣ ಗೆರೆಗಳಿರುವ ಬಟ್ಟೆಯಲ್ಲಿ ಮಾತ್ರ ಕೂಡಲೇ ಗೊತ್ತಾಗುತ್ತದೆ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣ ಇರುವ ಒಡಲಿನ ಗತಿಯಂತೂ ಕೇಳುವುದೇ ಬೇಡ, ಎರಡೂ ಬೆರೆತು ಮೂರನೆಯದೇ ಬಣ್ಣವಾಗಿ ಕಾಣುತ್ತದೆ.

ಆದ್ದರಿಂದ ನನ್ನ ಸಲಹೆ ನೇರವಾಗಿದೆ: ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿರಿ. ಟಿವಿ ಜೆಪಿಇಜಿ ಚಿತ್ರವನ್ನು ತಾನೇ ತೆರೆದು ತೋರಿಸುವುದರಿಂದ ವಿಡಿಯೊ ಕುಗ್ಗಿಸುವಿಕೆಯ ಹಂತವೇ ಇರುವುದಿಲ್ಲ. ಕಡತಗಳ ಹೆಸರನ್ನು 001, 002 ಎಂದು ಸೀರೆಯ ಸಂಖ್ಯೆಗೆ ಹೊಂದಿಸಿದರೆ ಗಿರಾಕಿ ಕೇಳಿದ್ದು ಕೂಡಲೇ ಸಿಗುತ್ತದೆ. ರಿಮೋಟಿನಿಂದ ಹಿಗ್ಗಿಸುವುದು ತುಸು ಒರಟು, ಅದಕ್ಕಾಗಿ ಪ್ರತಿ ಸೀರೆಗೆ ಒಡಲು, ದಡಿ, ಸೆರಗು ಎಂದು ಬೇರೆ ಬೇರೆ ಚಿತ್ರ ತೆಗೆದಿಡಿ.

ಚಿತ್ರಗಳನ್ನು ಅಡ್ಡವಾಗಿ ತೆಗೆಯಿರಿ. 43 ಇಂಚಿನ ಪರದೆಯ ಅಗಲ ಸುಮಾರು 37 ಇಂಚು, ಎತ್ತರ 21 ಇಂಚು. ಮೊಬೈಲನ್ನು ನಿಲ್ಲಿಸಿ ತೆಗೆದ ಮೂರಕ್ಕೆ ನಾಲ್ಕರ ಅನುಪಾತದ ಚಿತ್ರ ಅದರಲ್ಲಿ 16 ಇಂಚಿಗಿಂತ ಕಡಿಮೆ ಅಗಲ ಕಾಣುತ್ತದೆ, ಉಳಿದದ್ದೆಲ್ಲ ಕಪ್ಪು. ಟ್ಯೂಬ್‌ಲೈಟಿನ ಕೆಳಗೆ ತೆಗೆಯದೆ, ಬಿಸಿಲು ನೇರವಾಗಿ ಬೀಳದ ಪಡಸಾಲೆಯ ಹಗಲು ಬೆಳಕಿನಲ್ಲಿ ತೆಗೆಯಿರಿ.

ಉತ್ತರ: ವಿಜಯಪುರ, ಕಾಲೇಜು ಉಪನ್ಯಾಸಕ

ಬಣ್ಣದ ವಿಷಯದಲ್ಲಿ ಬೆಳಗಾವಿಯವರ ಮಾತಿಗೆ ನನ್ನ ತಕರಾರಿಲ್ಲ. ಆದರೆ ಪೆನ್‌ಡ್ರೈವಿನಿಂದಲೇ ಎಲ್ಲವೂ ಆಗುತ್ತದೆಂಬುದನ್ನು ಒಪ್ಪಲಾರೆ. ಎದುರಿಗೆ ಕುಳಿತ ತಾಯಂದಿರು “ಅದಕಿಂತ ಹಿಂದಿಂದು ತೋರಸ್ರಿ, ಆ ಹಸರು ದಡೀದು” ಎಂದಾಗ ಬೆರಳಿನಿಂದ ಸರಿಸಿ, ಹಿಗ್ಗಿಸಿ ತೋರಿಸುವ ಅನುಕೂಲ ಟ್ಯಾಬ್ಲೆಟ್ಟಿಗೇ ಇರುವುದು. ಆಯ್ಕೆ ನಡೆಯುವವರೆಗೆ ಮಿರರಿಂಗ್, ಮೂರು ನಾಲ್ಕು ಸೀರೆಗಳಿಗೆ ಬಂದು ನಿಂತ ಮೇಲೆ ಪೆನ್‌ಡ್ರೈವಿನ ಚಿತ್ರ, ಆಮೇಲೆ ಸೀರೆಯೇ: ಈ ಕ್ರಮದಲ್ಲಿ ನಡೆಸಿದರೆ ಎರಡರ ಪ್ರಯೋಜನವೂ ಸಿಗುತ್ತದೆ.

ಚಿತ್ರ ತಡವರಿಸುವುದಕ್ಕೆ ಪೇಟೆಯ ವೈಫೈ ದಟ್ಟಣೆಯೇ ಕಾರಣವಿರಬೇಕು. ಅಕ್ಕಪಕ್ಕದ ಅಂಗಡಿಗಳೆಲ್ಲ 2.4 ಗಿಗಾಹರ್ಟ್ಸ್ ತರಂಗದಲ್ಲಿಯೇ ಇರುತ್ತವೆ, ಬ್ಲೂಟೂತ್ ಕೂಡ ಅದರಲ್ಲಿಯೇ ಓಡುತ್ತದೆ. ಟ್ಯಾಬ್ಲೆಟ್‌ನಲ್ಲಿ ಬ್ಲೂಟೂತನ್ನೂ ಬ್ಯಾಟರಿ ಉಳಿಸುವ ಮೋಡನ್ನೂ ಆಫ್ ಮಾಡಿ, ಟಿವಿಯಿರುವ ಕೋಣೆಯಲ್ಲಿಯೇ ಕುಳಿತು ನೋಡಿರಿ. ನಡುವೆ ಕಲ್ಲಿನ ಗೋಡೆ ಬಂದರೆ ಮಾತ್ರ ಏನು ಮಾಡಿದರೂ ಅಷ್ಟೇ.

ಮರುಮಾತು: ಇಳಕಲ್‌ನ ಸೀರೆ ಅಂಗಡಿಯವರಿಂದ

ಮೋಡ್ ಬದಲಿಸಿದ ಮೇಲೆ ಕುಂಕುಮ ಕುಂಕುಮದಂತೆಯೇ ಕಾಣುತ್ತಿದೆ, ಪೆನ್‌ಡ್ರೈವಿನಲ್ಲಿ ಗೋಪುರದ ಅಂಚೂ ಸ್ಪಷ್ಟವಾಗಿದೆ. ಒಂದೇ ಸಂದೇಹ: ನಾವು ಇಲ್ಲಿ ತೆಗೆದ ಚಿತ್ರಗಳು ಚೆನ್ನಾಗಿವೆ, ನೇಕಾರರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವು ಮಾತ್ರ ದೊಡ್ಡ ಪರದೆಯಲ್ಲಿ ಮಸುಕಾಗುತ್ತವೆ. ಅವರ ಮೊಬೈಲುಗಳೇನೂ ನಮ್ಮವುಗಳಿಗಿಂತ ಕಡಿಮೆಯಲ್ಲ.

ಉತ್ತರ: ಬೆಳಗಾವಿ, ಸ್ಟುಡಿಯೊ ಛಾಯಾಗ್ರಾಹಕ

ಮೊಬೈಲಿನ ದೋಷವಲ್ಲ. ವಾಟ್ಸ್ಆ್ಯಪ್ ಫೋಟೊವನ್ನು ಫೋಟೊ ಎಂದು ಕಳಿಸಿದಾಗ ಅದನ್ನು ಕುಗ್ಗಿಸಿ ಕಳಿಸುತ್ತದೆ. ಆರು ಇಂಚಿನ ಪರದೆಗೆ ಅದು ಸಾಕು, 43 ಇಂಚಿಗೆ ಸಾಲದು. ಕ್ಲಿಪ್ಪಿನ ಗುರುತು ಒತ್ತಿ ‘ಗ್ಯಾಲರಿ’ಯ ಬದಲು ‘ಡಾಕ್ಯುಮೆಂಟ್’ ಆರಿಸಿ, ಅಲ್ಲಿಂದ ಚಿತ್ರವನ್ನು ಕಳಿಸಲು ನೇಕಾರರಿಗೆ ಹೇಳಿರಿ. ಆಗ ಮೂಲ ಕಡತವೇ ಬರುತ್ತದೆ. ಅದು ಬರಲು ತುಸು ಹೊತ್ತು ಹಿಡಿಯುತ್ತದೆ, ನಿಮ್ಮ ಅಂಗಡಿಯೊಳಗಂತೂ ಇನ್ನೂ ಹೆಚ್ಚು. ರಾತ್ರಿ ಮನೆಯಲ್ಲಿ ಇಳಿಸಿಕೊಂಡು ಬೆಳಿಗ್ಗೆ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರಾಯಿತು.